ಕಪ್ಪು ಜಿಂಕೆ ರೌಡಿಯಾದ ಕತೆ

2019ರ ದೀಪಾವಳಿ ರಜೆ. ಅಕ್ಕನ ಮಗನ ಹಠ ತಡೆಯಲಾರದೆ ಮಂಗಳೂರಿನಲ್ಲಿ ವಿಜಯ್ ಅಭಿನಯದ ‘ಬಿಗಿಲ್’ ನೋಡಲು ಹೋಗಿದ್ದೆ. ಆಗ ಅವನಿಗೆ ಹನ್ನೆರಡು ವರ್ಷ, ಫುಟ್ಬಾಲ್ ಹುಚ್ಚು. ಫುಟ್ಬಾಲ್ ಸಿನಿಮಾ ಅಂತ ಯಾರೋ ಹೇಳಿದ್ದೇ ಸಾಕಾಗಿತ್ತು. ಪರದೆಯ ಮೇಲೆ ವಿಜಯ್ ಹುಡುಗಿಯರ ತಂಡಕ್ಕೆ ಕೋಚ್ ಆಗುತ್ತಾರೆ, ಚೆಂಡು ಒದೆಯುತ್ತಾರೆ, ಕಂಪ್ಯೂಟರ್ ಗ್ರಾಫಿಕ್ಸಿನ ಕೃಪೆಯಿಂದ ಗಾಳಿಯಲ್ಲಿ ತಿರುಗುತ್ತಾರೆ. ಥಿಯೇಟರ್ ತುಂಬಾ ಶಿಳ್ಳೆ. ನಡುವೆ ಎದುರಾಳಿ ಗ್ಯಾಂಗಿನ ಒಬ್ಬ ರೌಡಿ ಬರುತ್ತಾನೆ. ಕಪ್ಪು ಮೈಬಣ್ಣ, ದುರುಗುಟ್ಟುವ ಕಣ್ಣು. ಹೆಸರು ಅಲೆಕ್ಸ್. ಅವನು ಬಂದಾಗ ನಮ್ಮ ಹಿಂದಿನ ಸಾಲಿನಲ್ಲಿ ಕಾಸರಗೋಡು ಕಡೆಯವರಂತೆ ಕಂಡ ನಾಲ್ಕೈದು ಮಂದಿ ಒಮ್ಮೆಲೇ ಚಪ್ಪಾಳೆ ತಟ್ಟಿದರು. ಹೀರೋಗಲ್ಲ, ಆ ರೌಡಿಗೆ!

“ಮಾಮ, ಇವ ಯಾರು? ಇವನಿಗೆ ಎಂತಕ್ಕೆ ಚಪ್ಪಾಳೆ?” ಅಂತ ಹುಡುಗ ಕೇಳಿದ.

“ಇಡೀ ಥಿಯೇಟರಿನಲ್ಲಿ, ಪರದೆಯ ಮೇಲೂ ಸೇರಿಸಿ, ನಿಜವಾಗಿ ಫುಟ್ಬಾಲ್ ಆಡಲು ಗೊತ್ತಿರುವವ ಇವನೊಬ್ಬನೇ ಮಾರಾಯ” ಅಂದೆ.

ಅವನು ನಂಬಲಿಲ್ಲ. ನಂಬುವುದಾದರೂ ಹೇಗೆ? ಫುಟ್ಬಾಲ್ ಬಗ್ಗೆಯೇ ತೆಗೆದ ಮೂರು ಗಂಟೆಯ ಸಿನಿಮಾದಲ್ಲಿ, ಈ ದೇಶ ಕಂಡ ಅತಿ ದೊಡ್ಡ ಫುಟ್ಬಾಲಿಗರಲ್ಲಿ ಒಬ್ಬರಾದ ಐ.ಎಂ. ವಿಜಯನ್ ಅವರಿಗೆ ಸಿಕ್ಕಿದ್ದು ರೌಡಿಯ ಪಾತ್ರ. ಚೆಂಡು ಹೀರೋನ ಕಾಲಿನಲ್ಲಿತ್ತು. ಆ ದಿನದಿಂದ ಈ ವಿಷಯ ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ. ಬರೆಯಬೇಕು ಅಂದುಕೊಂಡು ಮುಂದೂಡುತ್ತಾ ಬಂದಿದ್ದೆ. 2025ರಲ್ಲಿ ವಿಜಯನ್‌ಗೆ ಪದ್ಮಶ್ರೀ ಬಂತು. ಅದೇ ವರ್ಷ ಅವರು ಕೇರಳ ಪೊಲೀಸ್ ಇಲಾಖೆಯಿಂದ ನಿವೃತ್ತರೂ ಆದರು. ಇನ್ನೂ ಮುಂದೂಡಿದರೆ ಸರಿಯಲ್ಲ.

ಈಗಿನ ಮಕ್ಕಳಿಗಾಗಿ ಸ್ವಲ್ಪ ಹಿಂದಿನದ್ದು ಹೇಳಬೇಕು. 1969ರಲ್ಲಿ ತೃಶ್ಶೂರಿನ ಒಂದು ಬಡ ಮನೆಯಲ್ಲಿ ಹುಟ್ಟಿದವರು ವಿಜಯನ್. ಚಿಕ್ಕವನಿದ್ದಾಗಲೇ ತಂದೆ ಹೋದರು. ಊರಿನ ಮುನ್ಸಿಪಲ್ ಸ್ಟೇಡಿಯಂನಲ್ಲಿ ಪಂದ್ಯ ನಡೆಯುವಾಗ ಸೋಡಾ ಮಾರುತ್ತಿದ್ದರು. ಬಾಟಲಿಗೆ ಹತ್ತು ಪೈಸೆ ಸಿಗುತ್ತಿತ್ತು ಅಂತ ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಗ್ಯಾಲರಿಯಲ್ಲಿ ಸೋಡಾ ಹಿಡಿದು ತಿರುಗುತ್ತಿದ್ದ ಆ ಹುಡುಗ ಹದಿಹರೆಯ ದಾಟುವ ಮೊದಲೇ ಕೇರಳ ಪೊಲೀಸ್ ತಂಡದಲ್ಲಿದ್ದ. ಆ ತಂಡ 1990ರಲ್ಲಿ ತೃಶ್ಶೂರಿನಲ್ಲೂ ಮರುವರ್ಷ ಕಣ್ಣೂರಿನಲ್ಲೂ ಫೆಡರೇಷನ್ ಕಪ್ ಗೆದ್ದಿತು. ಕೋಲ್ಕತ್ತಾ, ಗೋವಾ, ಪಂಜಾಬಿನ ದೊಡ್ಡ ದೊಡ್ಡ ಕ್ಲಬ್ಬುಗಳ ಕಾಲದಲ್ಲಿ ಒಂದು ರಾಜ್ಯದ ಪೊಲೀಸರು ಕಪ್ ಎತ್ತಿದ್ದರು. ನಮ್ಮ ಕಡೆಯ ಹಿರಿಯರಿಗೆ ಕಣ್ಣೂರಿನ ಆ ದಿನಗಳ ಮಾತೆತ್ತಿ ನೋಡಿ, ಚಹಾ ತಣ್ಣಗಾಗುವವರೆಗೆ ನಿಲ್ಲಿಸುವುದಿಲ್ಲ.

ಆಮೇಲೆ ಮೋಹನ್ ಬಗಾನ್, ಫಗ್ವಾರದ ಜೆಸಿಟಿ, ಎಫ್‌ಸಿ ಕೊಚ್ಚಿನ್, ಈಸ್ಟ್ ಬೆಂಗಾಲ್, ಚರ್ಚಿಲ್ ಬ್ರದರ್ಸ್. 1993, 1997, 1999 - ಮೂರು ಸಲ ದೇಶದ ವರ್ಷದ ಆಟಗಾರ. 1999ರ ಸ್ಯಾಫ್ ಕ್ರೀಡಾಕೂಟದಲ್ಲಿ, ಕಠ್ಮಂಡುವಿನಲ್ಲಿ ಭೂತಾನ್ ವಿರುದ್ಧ ಪಂದ್ಯ ಶುರುವಾಗಿ 12ನೇ ಸೆಕೆಂಡಿಗೆ ಗೋಲು. ಗ್ಯಾಲರಿಯಲ್ಲಿ ಜನ ಕುಳಿತುಕೊಳ್ಳಲು ಜಾಗ ಹುಡುಕುವಷ್ಟು ಹೊತ್ತು ಕೂಡ ಅಲ್ಲ ಅದು. 2003ರಲ್ಲಿ ಹೈದರಾಬಾದಿನ ಆಫ್ರೋ-ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ಕು ಗೋಲು ಹೊಡೆದು, ಅತಿ ಹೆಚ್ಚು ಗೋಲಿನ ಆಟಗಾರನಾಗಿಯೇ ಅಂತಾರಾಷ್ಟ್ರೀಯ ಆಟ ನಿಲ್ಲಿಸಿದರು. ಬಂಗಾಳಿಗಳು ಅವರಿಗೆ ‘ಕಾಲೋ ಹೊರಿಣ್’ ಅಂತ ಹೆಸರಿಟ್ಟಿದ್ದರು. ಕಪ್ಪು ಜಿಂಕೆ. ಓಡುವುದನ್ನು ನೋಡಿದವರಿಗೆ ಆ ಹೆಸರು ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಸಿನಿಮಾಕ್ಕೆ ಅವರು ಆಟ ಮುಗಿದ ಮೇಲೆ ಬಂದದ್ದಲ್ಲ. ಇನ್ನೂ ಆಡುತ್ತಿರುವಾಗಲೇ ನಿರ್ದೇಶಕ ಜಯರಾಜ್ ಕರೆದರು. ಒಥೆಲ್ಲೊವನ್ನು ತೆಯ್ಯಂ ಕಲಾವಿದನನ್ನಾಗಿ ಮಾಡಿ ‘ಕಳಿಯಾಟ್ಟಂ’ ತೆಗೆದವರು ಇವರೇ. ಅವರ ‘ಶಾಂತಂ’ ಸಿನಿಮಾದಲ್ಲಿ ವಿಜಯನ್ ಮುಖ್ಯ ಪಾತ್ರ. ರಾಜಕೀಯದ ದ್ವೇಷಕ್ಕೆ ಬಲಿಬಿದ್ದು ತನ್ನ ಗೆಳೆಯನನ್ನೇ ಕೊಂದ ಯುವಕನೊಬ್ಬನ ಒಳಗಿನ ಬೇಗೆಯ ಕತೆ ಅದು. ಜೊತೆಗೆ ಕೆ.ಪಿ.ಎ.ಸಿ. ಲಲಿತಾ, ಸೀಮಾ ಬಿಸ್ವಾಸ್‌ರಂಥ ದೊಡ್ಡ ನಟಿಯರು. ಆ ಸಿನಿಮಾಕ್ಕೆ ದೇಶದ ಅತ್ಯುತ್ತಮ ಚಿತ್ರ ಎಂಬ ರಾಷ್ಟ್ರಪ್ರಶಸ್ತಿ ಬಂತು. ಲಲಿತಾ ಅವರಿಗೆ ಪೋಷಕ ನಟಿ ಪ್ರಶಸ್ತಿಯೂ ಬಂತು.

ನಾನು ‘ಶಾಂತಂ’ ನೋಡಿದ್ದು ತುಂಬಾ ತಡವಾಗಿ. ನೋಡುವ ಮೊದಲು ಸ್ವಲ್ಪ ಅನುಮಾನವೇ ಇತ್ತು. ಆಟಗಾರ ನಟಿಸುತ್ತಾನೆ ಅಂದರೆ ನಮಗೆಲ್ಲ ನೆನಪಾಗುವುದು ಟಿವಿ ಜಾಹೀರಾತಿನಲ್ಲಿ ಕ್ರಿಕೆಟಿಗರು ಬಾಯಿಪಾಠ ಒಪ್ಪಿಸುವುದು. ಆದರೆ ವಿಜಯನ್ ಇಲ್ಲಿ ಹೆಚ್ಚು ಮಾತಾಡುವುದೇ ಇಲ್ಲ. ಕೂರುತ್ತಾರೆ, ನಡೆಯುತ್ತಾರೆ, ಸುಮ್ಮನೆ ನೋಡುತ್ತಾರೆ. ತಪ್ಪು ಮಾಡಿದವನ ಭಾರ ಹೆಗಲಿನಲ್ಲಿ ಕಾಣುತ್ತದೆ. ಆಮೇಲೆ ಯೋಚಿಸಿದಾಗ ನನಗೆ ಅನಿಸಿದ್ದು: ಒಳ್ಳೆಯ ಫಾರ್ವರ್ಡ್ ಆಟಗಾರ ಇಪ್ಪತ್ತು ವರ್ಷ ಮಾಡುವುದೇ ಇದನ್ನಲ್ಲವೇ? ಹೆಗಲು ಬಲಕ್ಕೆ ಬಾಗಿಸಿ ಎಡಕ್ಕೆ ಹೋಗುತ್ತಾನೆ. ಒದೆಯುವ ಹಾಗೆ ಕಾಲೆತ್ತಿ ಒದೆಯುವುದಿಲ್ಲ. ಎದುರಿನ ಡಿಫೆಂಡರ್ ನಂಬುವ ಹಾಗೆ ಮೈಯಿಂದಲೇ ಸುಳ್ಳು ಹೇಳುತ್ತಾನೆ. ಆ ಡಿಫೆಂಡರಿಗಿಂತ ಕಟುವಾದ ವಿಮರ್ಶಕ ಯಾವ ಥಿಯೇಟರಿನಲ್ಲಿ ಕೂತಿದ್ದಾನೆ? ನಟನೆಯ ಶಾಲೆಗೆ ಹೋಗದ ಮನುಷ್ಯ ಸೀಮಾ ಬಿಸ್ವಾಸ್ ಎದುರು ನಿಂತು ಸಣ್ಣವನಾಗಿ ಕಾಣಲಿಲ್ಲ ಅಂದರೆ ಅದಕ್ಕೆ ಕಾರಣ ಇದೇ ಇರಬೇಕು.

ಇಷ್ಟು ಚೆನ್ನಾಗಿ ಶುರುವಾದ ಎರಡನೇ ಇನ್ನಿಂಗ್ಸ್ (ಕ್ರಿಕೆಟಿನ ಪದ ಬಳಸಿದ್ದಕ್ಕೆ ಫುಟ್ಬಾಲ್ ಕಾಕಂದಿರು ಕ್ಷಮಿಸಬೇಕು) ಮುಂದೆ ಎಲ್ಲಿಗೆ ಹೋಯಿತು? 2006ರಲ್ಲಿ ವಿಶಾಲ್ ನಾಯಕನಾದ ತಮಿಳಿನ ‘ತಿಮಿರು’. ಅಲ್ಲಿ ಖಳರ ಪಾಳಯ. 2015ರಲ್ಲಿ ‘ಕೊಂಬನ್’. ಆಮೇಲೆ ‘ಬಿಗಿಲ್’. ಕೈಯಲ್ಲಿ ಮಚ್ಚು, ಬಾಯಲ್ಲಿ ಗದರಿಕೆ, ಕೊನೆಗೆ ಹೀರೋನ ಕೈಯಿಂದ ಒದೆ. ಪಾತ್ರಗಳ ಹೆಸರು ಬದಲಾಗುತ್ತಿತ್ತು ಅಷ್ಟೆ.

ನನ್ನ ತಕರಾರು ಖಳನ ಪಾತ್ರದ ಬಗ್ಗೆ ಅಲ್ಲ. ಖಳನ ಪಾತ್ರವೂ ದುಡಿಮೆಯೇ, ಹಲಾಲ್ ಸಂಬಳವೇ. ಇಂಗ್ಲೆಂಡಿನ ವಿನ್ನಿ ಜೋನ್ಸ್ ಅವರನ್ನೇ ನೋಡಿ. 1988ರಲ್ಲಿ ಎಫ್‌ಎ ಕಪ್ ಗೆದ್ದ ವಿಂಬಲ್ಡನ್ ತಂಡದಲ್ಲಿದ್ದವರು. ಆಟಕ್ಕಿಂತ ಹೊಡೆದಾಟಕ್ಕೆ ಹೆಸರು. ಆಟದ ಬದುಕಿನಲ್ಲಿ ಹನ್ನೆರಡು ಸಲ ಕೆಂಪು ಕಾರ್ಡು. ಒಮ್ಮೆ ಪಂದ್ಯ ಶುರುವಾಗಿ ಮೂರು ಸೆಕೆಂಡಿಗೇ ಹಳದಿ ಕಾರ್ಡು ತೆಗೆದುಕೊಂಡ ಆಸಾಮಿ. 1998ರಲ್ಲಿ ಗೈ ರಿಚಿಯ ‘ಲಾಕ್, ಸ್ಟಾಕ್ ಆ್ಯಂಡ್ ಟೂ ಸ್ಮೋಕಿಂಗ್ ಬ್ಯಾರಲ್ಸ್’ ಸಿನಿಮಾದಲ್ಲಿ ಸಾಲ ವಸೂಲಿ ಮಾಡುವ ಗೂಂಡಾ ಆದರು. ಅಲ್ಲಿಂದ ಹಾಲಿವುಡ್ಡಿಗೆ ಹೋಗಿ ‘ಎಕ್ಸ್-ಮೆನ್’ ಸರಣಿಯವರೆಗೂ ತಲುಪಿದರು. ಅವರ ಮಟ್ಟಿಗೆ ಸಿನಿಮಾ ನ್ಯಾಯವನ್ನೇ ಮಾಡಿತು. ಮೈದಾನದಲ್ಲಿ ಏನಾಗಿದ್ದರೋ ಪರದೆಯಲ್ಲೂ ಅದೇ ಆದರು.

ಫ್ರಾನ್ಸಿನ ಎರಿಕ್ ಕಾಂಟೋನಾ ಕತೆಯೂ ಹಾಗೆಯೇ. ಕಾಲರ್ ಎತ್ತಿಕೊಂಡು ಮೈದಾನದಲ್ಲಿ ರಾಜನ ಹಾಗೆ ತಿರುಗುತ್ತಿದ್ದ ಮನುಷ್ಯ. 1995ರಲ್ಲಿ ತನ್ನನ್ನು ಬೈದ ಪ್ರೇಕ್ಷಕನಿಗೆ ಹಾರಿ ಒದ್ದು ಎಂಟು ತಿಂಗಳು ಆಟದಿಂದ ಹೊರಗೆ ಕೂತವರು. 1997ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಉತ್ತುಂಗದಲ್ಲಿರುವಾಗಲೇ, ಕೇವಲ ಮೂವತ್ತನೇ ವಯಸ್ಸಿಗೆ ಸಾಕು ಅಂದರು. ಮರುವರ್ಷ ‘ಎಲಿಜಬೆತ್’ ಸಿನಿಮಾದಲ್ಲಿ ಫ್ರೆಂಚ್ ರಾಯಭಾರಿ. 2009ರಲ್ಲಿ ಕೆನ್ ಲೋಚ್ ಅವರ ‘ಲುಕಿಂಗ್ ಫಾರ್ ಎರಿಕ್’. ಬದುಕು ಕೈತಪ್ಪಿ ಹೋದ ಮ್ಯಾಂಚೆಸ್ಟರಿನ ಒಬ್ಬ ಪೋಸ್ಟ್‌ಮ್ಯಾನ್. ಅವನ ಕೋಣೆಯಲ್ಲಿ ಕಾಂಟೋನಾ ಕಾಂಟೋನಾ ಆಗಿಯೇ ಕಾಣಿಸಿಕೊಂಡು ಬುದ್ಧಿ ಹೇಳುತ್ತಾರೆ. ಆ ಪೋಸ್ಟ್‌ಮ್ಯಾನ್ ಅತ್ಯುತ್ತಮ ಗೋಲಿನ ಬಗ್ಗೆ ಮಾತಾಡಿದರೆ ಕಾಂಟೋನಾ ತಾನು ಕೊಟ್ಟ ಒಂದು ಪಾಸ್ ಬಗ್ಗೆ ಹೇಳುತ್ತಾರೆ. ನೋಡದವರು ನೋಡಬೇಕು. ಕಾಂಟೋನಾ ಅವರ ಗತ್ತು, ತಮಾಷೆ, ಆಟಗಾರನಾಗಿದ್ದ ಆ ಮನುಷ್ಯನ ಒಳಮನಸ್ಸು ಎಲ್ಲವನ್ನೂ ಆ ಸಿನಿಮಾ ಬಳಸಿಕೊಂಡಿತು.

ಈಗ ವಿಜಯನ್ ಕಡೆಗೆ ಬನ್ನಿ. ಮೈದಾನದಲ್ಲಿ ಅವರು ರೌಡಿಯಾಗಿದ್ದರೇ? ಅವರ ಆಟ ನೋಡಿದ ಯಾರನ್ನಾದರೂ ಕೇಳಿ. ನಗು, ಚುರುಕು, ಕಾಲಿನ ಚಮತ್ಕಾರ, ಬೈಸಿಕಲ್ ಕಿಕ್. ಜಿಂಕೆ ಅಂತ ಹೆಸರಿಟ್ಟವರಿಗೆ ಕಣ್ಣು ಇರಲಿಲ್ಲವೇ? ಜೋನ್ಸ್ ಅವರ ಸಿಟ್ಟು ಸಿನಿಮಾಕ್ಕೆ ಬಂತು, ಕಾಂಟೋನಾ ಅವರ ಗತ್ತು ಸಿನಿಮಾಕ್ಕೆ ಬಂತು. ವಿಜಯನ್ ಅವರಿಂದ ನಮ್ಮ ಸಿನಿಮಾ ತೆಗೆದುಕೊಂಡದ್ದು ಮೈಬಣ್ಣ ಒಂದನ್ನೇ. ಕಪ್ಪಗಿದ್ದಾನೆ, ಗಟ್ಟಿಯಾಗಿದ್ದಾನೆ, ಸರಿ, ರೌಡಿ. ಜಿಂಕೆಯನ್ನು ಬಿಟ್ಟು ಕಪ್ಪನ್ನು ಮಾತ್ರ ಇಟ್ಟುಕೊಂಡರು. ದಕ್ಷಿಣದ ಎಲ್ಲ ಭಾಷೆಗಳ ಸಿನಿಮಾದಲ್ಲೂ ಈ ರೋಗ ಇದೆ, ನಮ್ಮ ಕನ್ನಡವೂ ಹೊರತಲ್ಲ. ಹೀರೋ ಬೆಳ್ಳಗಿರಬೇಕು, ಅವನು ಹೊಡೆದು ಹಾಕುವವರು ಕಪ್ಪಗಿರಬೇಕು. ನಮ್ಮ ಮದುವೆ ದಲ್ಲಾಳಿಗಳೂ “ಹುಡುಗಿ ಬಿಳಿ ಉಂಟಾ?” ಅಂತ ಕೇಳುವ ಕಾಲ ಇನ್ನೂ ಮುಗಿದಿಲ್ಲವಾದ್ದರಿಂದ ಸಿನಿಮಾದವರನ್ನು ಮಾತ್ರ ಬೈದು ಕೈತೊಳೆದುಕೊಳ್ಳುವ ಹಾಗೂ ಇಲ್ಲ.

ಇದಕ್ಕೆ ಒಂದು ಒಳ್ಳೆಯ ಅಪವಾದ 2021ರಲ್ಲಿ ಬಂತು. ವಿಜೀಶ್ ಮಣಿ ನಿರ್ದೇಶನದ ‘ಮ್’. ಕುರುಂಬ ಬುಡಕಟ್ಟಿನವರ ಭಾಷೆಯಲ್ಲಿ ತೆಗೆದ ಸಿನಿಮಾ. ಜೇನು ಕೀಳಿ ಬದುಕುವ ಕಾಡಿನ ಮನುಷ್ಯನ ಪಾತ್ರ ವಿಜಯನ್‌ದು. ಕಾಡಿನಲ್ಲಿ ಜೇನು ಕಡಿಮೆಯಾಗುತ್ತಾ ಹೋದ ಹಾಗೆ ಅವನ ಬದುಕೂ ಅಲುಗಾಡುತ್ತದೆ. ಇಪ್ಪತ್ತು ವರ್ಷದ ಹಿಂದೆ ಜಯರಾಜ್ ಕಂಡದ್ದನ್ನು ಇನ್ನೊಬ್ಬರು ಕಾಣಲು ಇಪ್ಪತ್ತು ವರ್ಷ ಬೇಕಾಯಿತು. ಅಂಥ ಸಿನಿಮಾಗಳು ನಮ್ಮೂರ ಥಿಯೇಟರಿಗೆ ಬರುವುದಿಲ್ಲ, ಬಂದರೂ ನಾವು ಹೋಗುವುದಿಲ್ಲ ಅನ್ನುವುದು ಬೇರೆ ಮಾತು.

ಹಾಗಂತ ಸಿನಿಮಾ ವಿಜಯನ್‌ಗೆ ಮೋಸ ಮಾಡಿತು ಅಂತ ನಾನು ಹೇಳಿದರೆ ಅವರೇ ಒಪ್ಪಲಿಕ್ಕಿಲ್ಲ. ಅವರ ಮುಖ ಜನರ ಕಣ್ಣಿನಿಂದ ಮರೆಯಾಗದ ಹಾಗೆ ಉಳಿಸಿದ್ದು ಆ ರೌಡಿ ಪಾತ್ರಗಳೇ. ನಿಮ್ಮ ಮಗನನ್ನು ಕೇಳಿ ನೋಡಿ, 1997ರಲ್ಲಿ ಡ್ಯುರಾಂಡ್ ಕಪ್ ಗೆದ್ದ ಎಫ್‌ಸಿ ಕೊಚ್ಚಿನ್ ತಂಡದ ಇನ್ನೊಬ್ಬ ಆಟಗಾರನ ಹೆಸರು ಗೊತ್ತುಂಟಾ ಅಂತ. ಆ ಕ್ಲಬ್ಬೇ ಈಗ ಇಲ್ಲ. ದೇಶದ ಮೊದಲ ವೃತ್ತಿಪರ ಕ್ಲಬ್ ಎಂದು ಹೇಳಿಕೊಂಡು ಹುಟ್ಟಿ ಕೆಲವೇ ವರ್ಷಗಳಲ್ಲಿ ದುಡ್ಡಿಲ್ಲದೆ ಮುಳುಗಿತು.

ಇಲ್ಲಿ ವಿ.ಪಿ. ಸತ್ಯನ್ ಹೆಸರು ಹೇಳದೆ ಮುಂದೆ ಹೋಗಲಾಗುವುದಿಲ್ಲ. ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯವರು. ಅದೇ ಕೇರಳ ಪೊಲೀಸ್ ತಂಡ, ವಿಜಯನ್ ಜೊತೆಗಾರ. ಭಾರತ ತಂಡದ ಕ್ಯಾಪ್ಟನ್. 1973ರ ನಂತರ ಹತ್ತೊಂಬತ್ತು ವರ್ಷ ಕಾದ ಕೇರಳಕ್ಕೆ 1992ರಲ್ಲಿ ಸಂತೋಷ್ ಟ್ರೋಫಿ ತಂದುಕೊಟ್ಟ ನಾಯಕ. ಮೊಣಕಾಲಿನ ನೋವು ಬಿಡಲಿಲ್ಲ. ಚೆನ್ನೈಯಲ್ಲಿ ಬ್ಯಾಂಕ್ ಕೆಲಸ ಇತ್ತು, ಹಸಿವು ಇರಲಿಲ್ಲ. ಆದರೂ ಮನಸ್ಸು ಕುಗ್ಗಿತು. 2006ರಲ್ಲಿ ಅಲ್ಲೇ ರೈಲಿನಡಿ ಜೀವ ಹೋಯಿತು. ‘ತಿಮಿರು’ ಬಂದ ವರ್ಷವೂ ಅದೇ. ಒಬ್ಬ ಗೆಳೆಯ ಪರದೆಯ ಮೇಲೆ, ಇನ್ನೊಬ್ಬ ಹಳಿಯ ಮೇಲೆ.

ಸತ್ಯನ್ ಬದುಕನ್ನು 2018ರಲ್ಲಿ ‘ಕ್ಯಾಪ್ಟನ್’ ಅಂತ ಸಿನಿಮಾ ಮಾಡಿದರು. ಜಯಸೂರ್ಯ ಚೆನ್ನಾಗಿಯೇ ನಟಿಸಿದ್ದಾರೆ. ಅದೇ ವರ್ಷ ‘ಸುಡಾನಿ ಫ್ರಂ ನೈಜೀರಿಯಾ’ ಕೂಡ ಬಂತು. ಮಲಪ್ಪುರಂನ ಸೆವೆನ್ಸ್ ಆಟ, ಆಫ್ರಿಕಾದಿಂದ ಬಂದ ಆಟಗಾರ, ಇಬ್ಬರು ಉಮ್ಮಂದಿರ ಪ್ರೀತಿ. ನಮ್ಮ ಮನೆಗಳಲ್ಲಿ ಹೆಂಗಸರೂ ಕೂತು ನೋಡಿ ಕಣ್ಣೊರೆಸಿಕೊಂಡ ಸಿನಿಮಾ. ಆ ವರ್ಷದ ಕೇರಳ ರಾಜ್ಯದ ಅತ್ಯುತ್ತಮ ನಟ ಪ್ರಶಸ್ತಿಯನ್ನು ಹಂಚಿಕೊಂಡವರು ಇಬ್ಬರು. ‘ಕ್ಯಾಪ್ಟನ್’ ಮತ್ತು ಇನ್ನೊಂದು ಸಿನಿಮಾಕ್ಕಾಗಿ ಜಯಸೂರ್ಯ, ‘ಸುಡಾನಿ’ಗಾಗಿ ಸೌಬಿನ್ ಶಾಹಿರ್. ಫುಟ್ಬಾಲಿನಿಂದ ಇಬ್ಬರು ನಟರಿಗೆ ಪ್ರಶಸ್ತಿ ಬಂತು. ಇಬ್ಬರೂ ಅದಕ್ಕೆ ಅರ್ಹರೇ, ನನಗೆ ಯಾವ ಹೊಟ್ಟೆಕಿಚ್ಚೂ ಇಲ್ಲ. ನಟರು ಫುಟ್ಬಾಲಿಗರಾಗಿ ಗೆಲ್ಲುತ್ತಾರೆ, ಫುಟ್ಬಾಲಿಗ ನಟನಾದರೆ ಮಚ್ಚು ಕೊಡುತ್ತಾರೆ ಅನ್ನುವುದನ್ನು ಮಾತ್ರ ನೆನಪಿಸುತ್ತಿದ್ದೇನೆ.

ವಿಜಯನ್ ಬದುಕಿನಲ್ಲಿ ಇನ್ನೊಂದು ಬಾಗಿಲು ಇತ್ತು, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಪೊಲೀಸ್ ಕೆಲಸ ಬಿಟ್ಟು ಕ್ಲಬ್ಬುಗಳಿಗೆ ಆಡಲು ಹೋದ ಮನುಷ್ಯನನ್ನು, ಆಟ ಮುಗಿದು ವರ್ಷಗಳಾದ ಮೇಲೆ ಅದೇ ಇಲಾಖೆ ಮತ್ತೆ ಒಳಗೆ ಕರೆದುಕೊಂಡಿತು. ಸೋಡಾ ಮಾರಿದ ಹುಡುಗ ಮಲಬಾರ್ ಸ್ಪೆಷಲ್ ಪೊಲೀಸಿನ ಡೆಪ್ಯುಟಿ ಕಮಾಂಡೆಂಟ್ ಆಗಿ ಸಲ್ಯೂಟ್ ತೆಗೆದುಕೊಂಡು ಮನೆಗೆ ಹೋದ. ತೃಶ್ಶೂರಿನ ಲಾಲೂರಿನಲ್ಲಿ, ಹಿಂದೆ ಊರಿನ ಕಸ ಸುರಿಯುತ್ತಿದ್ದ ಜಾಗದಲ್ಲಿ, ಅವರ ಹೆಸರಿನ ಕ್ರೀಡಾ ಸಂಕೀರ್ಣ ಎದ್ದು ನಿಂತಿದೆ. ಅವರ ನಿಜವಾದ ಎರಡನೇ ವೃತ್ತಿ ಆ ಖಾಕಿ. ಸಿನಿಮಾ ಮೂರನೆಯದು. ತಿಂಗಳ ಸಂಬಳ ಇದ್ದದ್ದರಿಂದಲೇ ‘ಮ್’ನಂಥ, ದುಡ್ಡು ಹುಟ್ಟದ ಸಿನಿಮಾಕ್ಕೆ ಕಾಡಿಗೆ ಹೋಗುವ ಧೈರ್ಯ ಬಂದಿರಬಹುದು. ಇದು ನನ್ನ ಊಹೆ.

ಆದರೆ ಸತ್ಯನ್‌ಗೂ ಕೆಲಸ ಇತ್ತಲ್ಲ ಅಂತ ನೀವು ಕೇಳಬಹುದು. ಹೌದು, ನನಗೂ ಅದೇ ಸಿಕ್ಕಿಹಾಕಿಕೊಳ್ಳುವ ಜಾಗ. ಸಂಬಳ ಮಾತ್ರ ಸಾಲದು ಅನ್ನುತ್ತದೆ ಸತ್ಯನ್ ಕತೆ. ಇಪ್ಪತ್ತು ಸಾವಿರ ಜನ ಹೆಸರು ಕೂಗುತ್ತಿದ್ದ ಮನುಷ್ಯನನ್ನು ಮೂವತ್ತೈದು ವಯಸ್ಸಿಗೆ ಫೈಲಿನ ಹಿಂದೆ ಕೂರಿಸಿದರೆ ಅವನ ಹೊಟ್ಟೆ ತುಂಬುತ್ತದೆ, ಕಿವಿ ಖಾಲಿಯಾಗುತ್ತದೆ. ಆ ಖಾಲಿಗೆ ಯಾರಾದರೂ ಏನಾದರೂ ತುಂಬಬೇಕು. ಕೋಚಿಂಗ್ ಆಗಲಿ, ಕಾಮೆಂಟರಿ ಆಗಲಿ, ರೌಡಿಯ ಪಾತ್ರವೇ ಆಗಲಿ, “ನೀವು ಬೇಕು, ಬನ್ನಿ” ಅಂತ ಒಂದು ಫೋನ್ ಬರಬೇಕು. ಭೈಚುಂಗ್ ಭೂಟಿಯಾ ಟಿವಿಯ ಡ್ಯಾನ್ಸ್ ಶೋಗೆ ಹೋಗಿ ಗೆದ್ದಾಗ ನಮ್ಮಲ್ಲಿ ಎಷ್ಟೋ ಮಂದಿ ನಕ್ಕರು. ನಾನೂ ನಕ್ಕಿದ್ದೆ. ಈಗ ನಗುವುದಿಲ್ಲ.

ಇದನ್ನೆಲ್ಲ ಈ ಪುಟದಲ್ಲಿ ಯಾಕೆ ಬರೆಯುತ್ತಿದ್ದೇನೆ ಅಂದರೆ, ಈ ಆಟ ನಮ್ಮ ಅಂಗಳದ್ದು. ಉಳ್ಳಾಲದಿಂದ ತೃಕ್ಕರಿಪುರದವರೆಗೆ ಕಡಲ ಬದಿಯ ಯಾವ ಊರಿನಲ್ಲಾದರೂ ಸಂಜೆ ಹೊತ್ತು ಬಸ್ಸಿನ ಕಿಟಕಿಯಿಂದ ನೋಡಿ, ಗದ್ದೆಯಲ್ಲೋ ಶಾಲೆಯ ಬಯಲಿನಲ್ಲೋ ಚೆಂಡು ಓಡುತ್ತಿರುತ್ತದೆ. ತೃಕ್ಕರಿಪುರದ ಮುಹಮ್ಮದ್ ರಾಫಿ 2016ರ ಐಎಸ್ಎಲ್ ಫೈನಲಿನಲ್ಲಿ ಬ್ಲಾಸ್ಟರ್ಸ್ ಪರವಾಗಿ ತಲೆಯಿಂದ ಗೋಲು ಹೊಡೆದಾಗ ಇಲ್ಲಿಯ ಮನೆಗಳಲ್ಲೂ ಪಟಾಕಿ ಸಿಡಿದಿತ್ತು. ಚಳಿಗಾಲ ಬಂತೆಂದರೆ ಸೆವೆನ್ಸ್. ಫ್ಲಡ್‌ಲೈಟ್ ಹಾಕಿ, ಅಡಿಕೆ ಮರದ ಗ್ಯಾಲರಿ ಕಟ್ಟಿ, ಗಲ್ಫಿನಲ್ಲಿರುವವರು ಟ್ರೋಫಿ ಪ್ರಾಯೋಜಿಸಿ, ಎರಡು ಲಕ್ಷ ಮೂರು ಲಕ್ಷ ಖರ್ಚು ಮಾಡಿ ನಡೆಸುತ್ತೇವೆ. ಆಟಗಾರನಿಗೆ ಪಂದ್ಯಕ್ಕೆ ಇಷ್ಟು ಅಂತ ಲೆಕ್ಕ. ಕಾಗದವಿಲ್ಲ, ವಿಮೆಯಿಲ್ಲ. ಕಾಲು ಮುರಿದರೆ ಆಸ್ಪತ್ರೆಗೆ ಹೋಗುವ ರಿಕ್ಷಾದ ಬಾಡಿಗೆ ಕೊಡುವವರೆಗೆ ಸಂಘಟಕರ ಪ್ರೀತಿ ಇರುತ್ತದೆ.

ನಮ್ಮೂರಿನಲ್ಲಿ ಒಬ್ಬರಿದ್ದಾರೆ. ಹೆಸರು ಬೇಡ, ಅವರಿಗೆ ಇಷ್ಟವಾಗಲಿಕ್ಕಿಲ್ಲ. ನಾನು ಹೈಸ್ಕೂಲಿನಲ್ಲಿರುವಾಗ ಎಡಗಾಲಿನ ಅಂಥ ಆಟಗಾರ ಇಡೀ ತಾಲೂಕಿನಲ್ಲಿ ಇರಲಿಲ್ಲ. ನೆಹರೂ ಮೈದಾನದಲ್ಲಿ ಅವರು ಚೆಂಡು ಹಿಡಿದರೆ ಕಡಲೆ ಮಾರುವವನೂ ಬುಟ್ಟಿ ಕೆಳಗಿಟ್ಟು ನೋಡುತ್ತಿದ್ದ. ಒಂದು ದೊಡ್ಡ ಕಾರ್ಖಾನೆಯವರು ತಂಡಕ್ಕೆ ಆಡಿಸಿಕೊಂಡರು, ಕಾಯಂ ಕೆಲಸ ಕೊಡುತ್ತೇವೆ ಅಂತ ಎರಡು ಸೀಸನ್ ಹೇಳಿದರು. ಮೂರನೇ ಸೀಸನ್ನಿಗೆ ಮೊಣಕಾಲು ತಿರುಚಿತು. ಆಮೇಲೆ ಗೇಟಿನ ವಾಚ್‌ಮ್ಯಾನ್ ಕೂಡ ಒಳಗೆ ಬಿಡಲಿಲ್ಲ. ಗಲ್ಫಿಗೆ ಹೋಗಿ ಬಂದರು. ಈಗ ಬಂದರಿನಿಂದ ಮೀನಿನ ಟೆಂಪೋ ಓಡಿಸುತ್ತಾರೆ.

ಕಳೆದ ಸೆವೆನ್ಸಿನಲ್ಲಿ ಉದ್ಘಾಟನೆಗೆ ಯಾರನ್ನು ಕರೆಯುವುದು ಅಂತ ನಮ್ಮ ಹುಡುಗರ ಮೀಟಿಂಗ್ ಇತ್ತು. ಒಬ್ಬ ರೀಲ್ಸ್ ಮಾಡುವವನ ಹೆಸರು ಬಂತು, ಒಬ್ಬ ಸೀರಿಯಲ್ ನಟನ ಹೆಸರು ಬಂತು, ಇನ್ನೊಬ್ಬ ರಾಜಕಾರಣಿ ಹೇಗೂ ಇದ್ದೇ ಇರುತ್ತಾರೆ. ನಾನು ಇವರ ಹೆಸರು ಹೇಳಿದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. “ಅವರನ್ನು ಕರೆದರೆ ಜನ ಬರ್ತಾರಾ?” ಅಂತ ಒಬ್ಬ ಕೇಳಿದ. ಕೇಳಿದವ ನನ್ನ ಅಕ್ಕನ ಮಗ, ಈಗ ಹದಿನೆಂಟರ ತರುಣ. ಆರು ವರ್ಷದ ಹಿಂದೆ ಥಿಯೇಟರಿನಲ್ಲಿ ಪಕ್ಕದಲ್ಲಿ ಕೂತಿದ್ದವ.

ಕೊನೆಗೆ ರೀಲ್ಸಿನವ ಬಂದ. ಹತ್ತು ನಿಮಿಷ ಇದ್ದ, ಕಿಕ್ ಆಫ್ ಮಾಡಲು ಹೋಗಿ ಚೆಂಡಿನ ಬದಲು ಮಣ್ಣು ಒದ್ದ, ಸೆಲ್ಫಿ ಕೊಟ್ಟು ಹೋದ. ಎರಡನೇ ದಿನ ರಾತ್ರಿ ನಾನು ಗ್ಯಾಲರಿಯ ಹಿಂದೆ ಚಹಾ ಕುಡಿಯುತ್ತಿದ್ದಾಗ ಮೀನಿನ ಟೆಂಪೋ ರಸ್ತೆ ಬದಿಯಲ್ಲಿ ನಿಂತಿತ್ತು. ಅವರು ಟಿಕೆಟ್ ತೆಗೆದುಕೊಂಡು ಒಳಗೆ ಬಂದಿರಲಿಲ್ಲ. ಟೆಂಪೋದ ಮೇಲೆ ಹತ್ತಿ ನಿಂತು ಟಾರ್ಪಾಲಿನ ಮೇಲಿಂದ ನೋಡುತ್ತಿದ್ದರು. ನಮ್ಮ ಹುಡುಗನೊಬ್ಬ ಎಡ ಬದಿಯಿಂದ ನುಗ್ಗಿ, ಒಳಗೆ ಪಾಸ್ ಕೊಡುವ ಬದಲು ಸುಮ್ಮನೆ ಗೋಲಿಗೆ ಒದ್ದು ಹೊರಗೆ ಹಾಕಿದ.

“ತಲೆ ಎತ್ತಿ ನೋಡಬೇಕಿತ್ತು ಅವ” ಅಂದರು, ನನಗೋ, ತಮಗೋ. ಅವರ ಎಡಗಾಲು ಟೆಂಪೋದ ತಗಡಿನ ಮೇಲೆ ಆ ಪಾಸನ್ನು ಕೊಟ್ಟೇ ಬಿಟ್ಟಿತ್ತು.